ಸೊನ್ನೆ ಓದಿದ ಮೇಷ್ಟ್ರು

ಡೆಂಕಣಿಕೋಟೆಯ ನಮ್ಮ ಬೀದಿಗೆ ಇಂಗ್ಲಿಷ್ ಕಾಗದ ಬಂದರೆ ಅದು ನನ್ನ ಜಗಲಿಗೇ ಬರುತ್ತದೆ. ಕನ್ನಡ ಶಾಲೆಯ ಮೇಷ್ಟ್ರು ನಾನು. ಬ್ಯಾಂಕಿನ ನೋಟಿಸು, ವಿಮೆಯ ಪತ್ರ, ಎಲ್ಲ ಓದಿ ಹೇಳುವವನು. ಅತ್ತಿಗೆಯ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ವರದಿಯನ್ನೂ ನಾನೇ ಓದಿದೆ. ಕೊನೆಯಲ್ಲಿ ‘ಬೈರಾಡ್ಸ್ 0’ ಎಂದಿತ್ತು. “ಸೊನ್ನೆ ಬಂದಿದೆ, ಏನೂ ಇಲ್ಲ” ಎಂದುಬಿಟ್ಟೆ. ಅಣ್ಣ ಬೇಟರಾಯಸ್ವಾಮಿಗೆ ಹಣ್ಣುಕಾಯಿ ಮಾಡಿಸಿದ.

ಬೈರಾಡ್ಸ್ ಎಂದರೆ ಮ್ಯಾಮೊಗ್ರಾಂನಲ್ಲಿ ಕಂಡದ್ದಕ್ಕೆ ವೈದ್ಯರು ಕೊಡುವ ಅಂಕೆ. ಆ ಲೆಕ್ಕದಲ್ಲಿ ದೋಷವಿಲ್ಲ ಎನ್ನುವುದಕ್ಕೆ 1. ಅಪಾಯವಿಲ್ಲದ ಗಂಟಿಗೆ 2. 4, 5 ಬಂದರೆ ಬಯಾಪ್ಸಿ. 0 ಎಂದರೆ ತೀರ್ಮಾನವೇ ಆಗಿಲ್ಲ, ಇನ್ನೊಂದು ಪರೀಕ್ಷೆ ಬೇಕು. ಮೇಲಿನ ಸಾಲಿನಲ್ಲೇ ಕಾರಣವೂ ಇತ್ತು: ಸ್ತನದ ಅಂಗಾಂಶ ದಟ್ಟವಾಗಿದೆ, ಅಲ್ಟ್ರಾಸೌಂಡ್ ಮಾಡಿಸಿ. ಅದನ್ನು ಓದಿಯೂ ದಾಟಿದೆ. ಗೊತ್ತಿಲ್ಲ ಎನ್ನಲು ಮೇಷ್ಟ್ರ ನಾಲಿಗೆ ಏಳುವುದಿಲ್ಲ.

ತಿಂಗಳುಗಳಾದ ಮೇಲೆ ಸ್ನಾನದ ಹೊತ್ತಿಗೆ ಅತ್ತಿಗೆಯ ಕೈಗೆ ಗಂಟು ಸಿಕ್ಕಿತು. ನನಗೆ ಹೇಳಲು ಸಂಕೋಚ. ನನ್ನ ಹೆಂಡತಿಗೆ ಹೇಳಿದರು. ಆಮೇಲೂ “ಏನಿಲ್ಲ ಅಂತ ಅವರೇ ಓದಿದ್ರಲ್ಲ” ಎಂದು ವಾರಗಟ್ಟಲೆ ಸುಮ್ಮನಿದ್ದರು. ಹೊಸೂರು ದಾಟಿ ಬೆಂಗಳೂರು ಸೇರುವ ಹೊತ್ತಿಗೆ ಕ್ಯಾನ್ಸರ್ ಕಂಕುಳಿಗೂ ಇಳಿದಿತ್ತು.

ಎಕ್ಸ್‌ರೇಯಲ್ಲಿ ದಟ್ಟ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ. ಮಂಜಿನಲ್ಲಿ ಬಿಳಿ ಹಸು ಹುಡುಕಿದ ಹಾಗೆ. ಹೊಸ ಯಂತ್ರಗಳು ಹೆಣಗುತ್ತಿರುವುದು ಇದರೊಡನೆಯೇ. 2011ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಟೊಮೊಸಿಂಥೆಸಿಸ್‌ನಲ್ಲಿ ಯಂತ್ರ ಕಮಾನಿನಂತೆ ಸರಿಯುತ್ತ ಹಲವು ಕೋನಗಳಿಂದ ಚಿತ್ರ ತೆಗೆದು, ಸ್ತನವನ್ನು ಪದರ ಪದರವಾಗಿ ಬಿಡಿಸಿ ತೋರಿಸುತ್ತದೆ. ಸ್ವೀಡನ್ನಿನಲ್ಲಿ 80 ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನವೊಂದರಲ್ಲಿ ಅರ್ಧದಷ್ಟು ಮಂದಿಯ ಮ್ಯಾಮೊಗ್ರಾಂ ಓದಲು ಕೃತಕ ಬುದ್ಧಿಮತ್ತೆಯನ್ನು ಜೊತೆಗಿಟ್ಟುಕೊಂಡರು. 2023ರ ವರದಿಯ ಪ್ರಕಾರ ವೈದ್ಯರ ಓದುವ ಕೆಲಸ ಶೇ. 44ರಷ್ಟು ಇಳಿಯಿತು, ರೋಗಪತ್ತೆ ಇಳಿಯಲಿಲ್ಲ. ಮುಟ್ಟದೆ, ಒತ್ತದೆ ಶಾಖ ಹಿಡಿಯುವ ಕ್ಯಾಮೆರಾ ನಮ್ಮ ಹೆಂಗಸರಿಗೆ ಒಗ್ಗೀತು. ಆದರೆ ಶಾಖಚಿತ್ರ ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಅಮೆರಿಕದ ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಸಿದೆ. ನನ್ನ ಮಟ್ಟಿಗೆ ಆ ಮಾತೇ ಸರಿ.

ಯಂತ್ರವಿಲ್ಲದ ಊರುಗಳಿಗೆ ಮುಂಬೈಯ ಟಾಟಾ ಮೆಮೋರಿಯಲ್‌ನವರ ಅಧ್ಯಯನ ಹೆಚ್ಚು ಹತ್ತಿರ. ಒಂದೂವರೆ ಲಕ್ಷ ಹೆಂಗಸರು, 20 ವರ್ಷ. ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಚಿಕ್ಕ ವಯಸ್ಸಿನವರಲ್ಲಿ ಆ ಲಾಭ ಕಾಣಲಿಲ್ಲ. 2021ರಲ್ಲಿ ಮನೆಬಾಗಿಲಿಗೆ ಆರೋಗ್ಯ ಸೇವೆ ತಲುಪಿಸುವ ಯೋಜನೆಯನ್ನು ತಮಿಳುನಾಡು ಸರ್ಕಾರ ಶುರುಮಾಡಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಬಾಗಿಲಿಗೆ ಬಂದ ನರ್ಸಮ್ಮನ ಹತ್ತಿರ ಸ್ತನ ಪರೀಕ್ಷೆಯ ಮಾತೆತ್ತದೆ ಬಿಪಿ, ಸಕ್ಕರೆಯಷ್ಟೇ ಕೇಳಿ ಕಳಿಸಿದವರಲ್ಲಿ ನಾವೂ ಒಬ್ಬರು.

ಅತ್ತಿಗೆ ಕೀಮೋ, ಶಸ್ತ್ರಚಿಕಿತ್ಸೆ ಮುಗಿಸಿ ಈಗ ಮಾತ್ರೆಯ ಮೇಲಿದ್ದಾರೆ. ನನ್ನ ಮೇಲೆ ಕೋಪವಿಲ್ಲ ಎನ್ನುತ್ತಾರೆ; ಅಣ್ಣ ಹಾಗೆ ಹೇಳಿಲ್ಲ.

ಅಮ್ಮಂದಿರೇ, ವರದಿಯನ್ನು ಪರೀಕ್ಷೆ ಬರೆದುಕೊಟ್ಟ ವೈದ್ಯರಿಂದಲೇ ಓದಿಸಿ, ಮುಂದಿನ ಪರೀಕ್ಷೆ ಯಾವುದೆಂದು ಕೇಳಿ. ಗಂಟು ಕೈಗೆ ಸಿಕ್ಕರೆ, ಹಳೆಯ ಕಾಗದ ಏನೇ ಹೇಳಲಿ, ಅದೇ ವಾರ ಹೋಗಿ ತೋರಿಸಿ.