ಅರಸನಿಗೆ ಒಲ್ಲೆನೆಂದವಳು

ಅರಮನೆಯ ಪ್ರಣಯಕಥೆಗಳಿಗೆ ಒಂದು ಹಳೆಯ ಜಾಡುಂಟು. ಊಳಿಗದ ಹೆಣ್ಣೊಬ್ಬಳ ಮೇಲೆ ಅರಸನ ಕಣ್ಣು ಬೀಳುತ್ತದೆ. ಸವತಿಯರ ಸಂಚು, ವಿಷದ ಬಟ್ಟಲು, ರಾಜಮಾತೆಯ ಕೋಪ ಇವೆಲ್ಲವನ್ನೂ ದಾಟಿ ಅವಳು ಸಿಂಹಾಸನದ ಪಕ್ಕಕ್ಕೆ ಬಂದು ನಿಂತಾಗ ಕಥೆ ಸುಖಾಂತವಾಗುತ್ತದೆ. ಅರಸನ ಒಲವೇ ದೊರೆತ ಮೇಲೆ ಹೆಣ್ಣಿಗೆ ಮತ್ತೇನು ಬೇಕು? ಹೀಗೆ ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋಗುವುದು ನೋಡುಗರ ರೂಢಿ.

ಕೊರಿಯಾ ದೇಶದ ಚಾರಿತ್ರಿಕ ಧಾರಾವಾಹಿಗಳೂ ಈ ಜಾಡಿನಲ್ಲಿ ಬಹುದೂರ ನಡೆದಿವೆ. ಒಮ್ಮೆ ರಾಣಿಯ ಪಟ್ಟಕ್ಕೇರಿ, 1701ರಲ್ಲಿ ಮರಣದಂಡನೆಗೆ ಗುರಿಯಾದ ಜಾಂಗ್ ಹುಯಿಬಿನ್ ಅಲ್ಲಿ ಮತ್ತೆ ಮತ್ತೆ ದುಷ್ಟೆಯಾದಳು. ಅವಳಿಂದ ಪಟ್ಟ ಕಳೆದುಕೊಂಡ ಇನ್‌ಹ್ಯೊನ್ ರಾಣಿ ಸಾಧ್ವಿಯಾದಳು. ಹೆಣ್ಣಿಗೆ ಇದ್ದುದು ಈ ಎರಡೇ ಅಚ್ಚು. 2003ರಲ್ಲಿ ಬಂದ ‘ಡೇ ಜಾಂಗ್ ಗುಮ್’ ಆ ಅಚ್ಚುಗಳಿಂದ ಹೊರಗೆ ಬಂದಿತು. ಅದರ ನಾಯಕಿ ಅರಮನೆಯ ಅಡುಗೆಮನೆಯಲ್ಲಿ ಪಳಗಿ, ಬಳಿಕ ವೈದ್ಯೆಯಾಗಿ ಹೆಸರು ಗಳಿಸಿದವಳು. ಹೆಣ್ಣಿಗೆ ಒಲವಲ್ಲದೆ ಕಸುಬೂ ಉಂಟೆಂದು ಅದು ತೋರಿಸಿತು.

ಆದರೆ ನನ್ನನ್ನು ಬಹುದಿನ ಕಾಡಿದ್ದು ‘ದಿ ರೆಡ್ ಸ್ಲೀವ್’ ಎಂಬ ಹದಿನೇಳು ಕಂತುಗಳ ಧಾರಾವಾಹಿ. 2021ರ ನವೆಂಬರಿನಲ್ಲಿ ಆರಂಭವಾಗಿ 2022ರ ಮೊದಲ ದಿನ ಮುಗಿದ ಈ ಕಥೆಗೆ ಕಾಂಗ್ ಮಿ-ಕಾಂಗ್ ಅವರ ಕಾದಂಬರಿಯೇ ಆಧಾರ. ಹೆಸರಿನ ಅರ್ಥ ‘ತೋಳಿನ ಕೆಂಪು ಅಂಚು’. ಜೊಸೊನ್ ವಂಶದ ಅರಮನೆಯಲ್ಲಿ ಊಳಿಗದ ಹೆಣ್ಣುಗಳು ತೊಡುವ ಅಂಗಿಯ ತೋಳಿಗೆ ಕೆಂಪು ಅಂಚು; ಇವಳು ಅರಸನ ಸೊತ್ತು ಎಂಬುದರ ಗುರುತು ಅದು. ಎಳೆಯ ವಯಸ್ಸಿನಲ್ಲಿ ಅರಮನೆಯನ್ನು ಹೊಕ್ಕವಳನ್ನು ಅರಸನು ಜೀವಮಾನದಲ್ಲಿ ಒಮ್ಮೆಯೂ ಕಣ್ಣೆತ್ತಿ ನೋಡದಿರಬಹುದು. ಆದರೂ ಅವಳು ಇನ್ನೊಬ್ಬನನ್ನು ವರಿಸುವಂತಿಲ್ಲ. ಈ ಕಥೆಯಲ್ಲಿಯೇ ನಾಯಕಿಯ ಗೆಳತಿಯೊಬ್ಬಳು ಬೇರೊಬ್ಬನನ್ನು ಒಲಿದ ತಪ್ಪಿಗೆ ಪ್ರಾಣವನ್ನೇ ತೆರುತ್ತಾಳೆ.

ನಾಯಕಿ ದೊಕ್-ಇಮ್ ಪುಸ್ತಕಗಳನ್ನು ನಕಲು ಮಾಡಿ ನಾಲ್ಕು ಕಾಸು ಕೂಡಿಡುವವಳು. ಸಖಿಯರಿಗೆ ಕಥೆಗಳನ್ನು ರಸವತ್ತಾಗಿ ಓದಿ ಹೇಳುವವಳು. ಯುವರಾಜ ಸಾನ್ ಅವಳಿಗೆ ಮನಸೋಲುತ್ತಾನೆ. ಅವಳಿಗೂ ಅವನಲ್ಲಿ ಅನುರಾಗವಿಲ್ಲದಿಲ್ಲ. ಆದರೂ ಅವಳು ಒಲ್ಲೆನೆನ್ನುತ್ತಾಳೆ. ಅರಸನ ಮಡದಿಯಾದ ದಿನದಿಂದ ತನ್ನ ಗೆಳತಿಯರು, ತನ್ನ ಕೆಲಸ, ತನ್ನ ಬಿಡುವಿನ ಒಂದು ಗಳಿಗೆ, ಯಾವುದೂ ತನ್ನದಾಗಿ ಉಳಿಯದೆಂಬುದನ್ನು ಅವಳು ಬಲ್ಲಳು. ಅವನಿಗೆ ಅವಳ ಹೊರತು ರಾಜ್ಯವೇ ಉಂಟು. ಅವಳಿಗಾದರೋ ಅವನ ಬರವನ್ನು ಕಾಯುವುದೊಂದೇ ಉಳಿಯುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಸಾನ್ ಎಂಬವನು 1776ರಿಂದ 1800ರವರೆಗೆ ಆಳಿದ ಜೊಂಗ್‌ಜೊ ಅರಸ. ದೊಕ್-ಇಮ್ ಅವನ ಉಪಪತ್ನಿ ಉಯಿಬಿನ್ ಸುಂಗ್. 1786ರಲ್ಲಿ ಅವಳ ಎಳೆಯ ಮಗ ತೀರಿಕೊಂಡನು; ಅದೇ ವರ್ಷ, ಗರ್ಭಿಣಿಯಾಗಿದ್ದಾಗಲೇ, ಅವಳೂ ತೀರಿಕೊಂಡಳು. ಅವಳ ಸಮಾಧಿಯ ಬರಹವನ್ನು ಅರಸನು ಸ್ವತಃ ರಚಿಸಿದನು. ಅದರಲ್ಲಿ ಅವನೇ ಹೇಳುತ್ತಾನೆ: ಮೊದಲು ಕೇಳಿದಾಗ ಅವಳು ಕಣ್ಣೀರಿಟ್ಟು, ಯುವರಾಣಿಗೆ ಇನ್ನೂ ಮಕ್ಕಳಾಗಿಲ್ಲವೆಂಬ ಕಾರಣ ಕೊಟ್ಟು ನಿರಾಕರಿಸಿದಳು, ಹದಿನೈದು ವರ್ಷಗಳ ಮೇಲೆ ಮತ್ತೆ ಕೇಳಿದಾಗಲೂ ನಿರಾಕರಿಸಿದಳು, ಅವಳ ಸೇವಕರನ್ನು ಗದರಿಸಿ ದಂಡಿಸಿದ ಮೇಲಷ್ಟೆ ಆಜ್ಞೆಗೆ ತಲೆಬಾಗಿದಳು. ಶೋಕದಿಂದ ಬರೆದ ಮಾತುಗಳಿವು. ಅವನ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಆ ಸೇವಕರ ಮಾತನ್ನು ಓದಿದ ಮೇಲೆ ಆ ಪ್ರೀತಿಯನ್ನು ಸರಾಗವಾಗಿ ಮೆಚ್ಚಿಕೊಳ್ಳುವುದು ಸಾಧ್ಯವೇ?

ನಮ್ಮ ಮನೆಯಲ್ಲಿ ಇದನ್ನು ಮೂವರು ನೋಡಿದೆವು: ನಾನು, ನನ್ನ ಮಗಳು, ಎಂಬತ್ತು ದಾಟಿದ ನಮ್ಮ ಅತ್ತೆಯವರು. ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಮಗಳು ಕನ್ನಡದಲ್ಲಿ ಹೇಳುತ್ತ ಹೋಗುವಳು. ಅತ್ತೆಯವರು ಹುರುಳಿಕಾಯಿಯ ನಾರು ತೆಗೆಯುತ್ತ ಕೇಳುವರು. ಒಂದು ಸಂಜೆ ಮಗಳು ಕೆರಳಿ, “ಅರಸ ಕೇಳುವುದೂ ಒಂದು ಕೇಳುವುದೇ ಅಜ್ಜಿ? ಬೇಡವೆಂದರೆ ಬಿಡುವವನಲ್ಲ” ಎಂದಳು.

“ಅವನು ಕೇಳಿದನಲ್ಲಮ್ಮ!” ಎಂದರು ಅತ್ತೆಯವರು. “ನನ್ನನ್ನು ಯಾರು ಕೇಳಿದರು? ಲಗ್ನಪತ್ರಿಕೆ ಬರೆಸಿಯಾದ ಮೇಲೆ ನನಗೆ ತಿಳಿದದ್ದು.”

ಕೊರಗಿನಿಂದ ಆಡಿದ ಮಾತಲ್ಲ ಅದು. ಹುರುಳಿಕಾಯಿಯ ಬೆಲೆ ಹೇಳಿದಷ್ಟೇ ಸಹಜವಾಗಿ ಹೇಳಿದರು. ನಮ್ಮ ಮಾವನವರು ಸಾತ್ವಿಕರು. ಅವರು ಹೋದ ಮೇಲೆ ಅತ್ತೆಯವರು ಎಷ್ಟು ದಿನ ಸರಿಯಾಗಿ ಉಣ್ಣಲಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡವಳು. ಆದರೂ ಅರವತ್ತು ವರ್ಷಗಳ ಹಿಂದೆ ಯಾರೂ ಕೇಳದೆ ಹೋದ ಆ ಒಂದು ಮಾತು ಅವರ ಲೆಕ್ಕದಲ್ಲಿ ಇನ್ನೂ ಬಾಕಿಯಾಗಿಯೇ ಉಳಿದಿತ್ತು. ಒಲವು ಬೇರೆ, ಕೇಳುವುದು ಬೇರೆ. ಮೊದಲನೆಯದು ಎಷ್ಟೇ ಹೇರಳವಾಗಿ ದೊರೆತರೂ ಎರಡನೆಯದರ ಸಾಲ ತೀರುವುದಿಲ್ಲ. ಈ ಧಾರಾವಾಹಿಯ ತಿರುಳೂ ಇದೇ ಎಂದು ನನಗೆ ಹೊಳೆದದ್ದು ಅಂದು.

ಅರಮನೆಯ ಬೆಳದಿಂಗಳು, ಹಿನ್ನೆಲೆಯ ಸಂಗೀತ, ಲೀ ಜುನ್‌ಹೊ ಅವರ ಗಂಭೀರ ಚೆಲುವು, ಇವೆಲ್ಲ ಸೇರಿ “ಒಪ್ಪಬಾರದೇ, ಹುಡುಗಿ!” ಎಂದು ನಮ್ಮಿಂದಲೇ ಅನ್ನಿಸುತ್ತವೆ ನಿಜ. ಆದರೆ ಲೀ ಸೆ-ಯಂಗ್ ಅವರ ಕಣ್ಣುಗಳು ಕೊನೆಯವರೆಗೂ ನಮಗೆ ಒಪ್ಪಿಗೆ ಕೊಡುವುದಿಲ್ಲ. ಮರಣಶಯ್ಯೆಯಲ್ಲಿ ದೊಕ್-ಇಮ್ ಅರಸನನ್ನು ಬೇಡುವುದು ಒಂದೇ: ಮುಂದಿನ ಜನ್ಮದಲ್ಲಿ ಕಂಡರೂ ಕಾಣದವನಂತೆ ಹೊರಟುಹೋಗು ಎಂದು. ಅದೇ ಉಸಿರಿನಲ್ಲಿ, ನಿಜಕ್ಕೂ ಬೇಡವಾಗಿದ್ದರೆ ಎಲ್ಲಿಗಾದರೂ ಓಡಿಹೋಗುತ್ತಿದ್ದೆನೆಂದೂ ತಿಳಿಸುತ್ತಾಳೆ. ಇಷ್ಟು ನಿಷ್ಠುರವೂ ಇಷ್ಟು ಮೃದುವೂ ಆದ ವಿದಾಯವನ್ನು ಅರಮನೆಯ ಕಥೆಗಳಲ್ಲಿ ನಾನು ಬೇರೆ ಕಂಡಿಲ್ಲ.

ಚರಿತ್ರೆಯ ದೊಕ್-ಇಮ್ ನಿರಾಕರಿಸಿದ್ದು ನಮಗೆ ಗೊತ್ತಾಗಿರುವುದು ಅರಸನ ಲೇಖನಿಯಿಂದ. ಅವಳ ಕೈಬರಹವೆಂದು ಉಳಿದಿರುವುದು ಬೇರೊಂದು. 1773ರಲ್ಲಿ ಅರಸನ ಇಬ್ಬರು ತಂಗಿಯರೂ ಅರಮನೆಯ ಊಳಿಗದ ಹೆಣ್ಣುಗಳೂ ಕೂಡಿ ಹತ್ತು ಸಂಪುಟಗಳ ಕಾದಂಬರಿಯೊಂದನ್ನು ನಕಲು ಮಾಡಿದರು; ಅವರಲ್ಲಿ ಇವಳೂ ಒಬ್ಬಳು. ಜೊತೆಗೆ ಬರೆದ ಯಂಗ್-ಹಿ, ಕ್ಯಂಗ್-ಹಿ, ಬೊಕ್-ಯನ್ ಎಂಬವರ ಹೆಸರುಗಳೂ ಅದರಲ್ಲಿ ಉಳಿದಿವೆ. ಧಾರಾವಾಹಿಯ ಮೂವರು ಗೆಳತಿಯರಿಗೆ ಆ ಹೆಸರುಗಳೇ ಬಂದಿವೆ. ಯಾವ ಅರಸನಿಗೂ ತಲೆಬಾಗದೆ, ಗೆಳತಿಯರ ನಡುವೆ ಕುಳಿತು, ತನಗೆ ಹಿಡಿಸಿದ ಕಥೆಯನ್ನು ಸಾಲು ಸಾಲಾಗಿ ಬರೆಯುತ್ತಿದ್ದ ಇಪ್ಪತ್ತರ ಹುಡುಗಿ ಅಲ್ಲಿದ್ದಾಳೆ. ನನ್ನ ಮನಸ್ಸಿನಲ್ಲಿ ನಿಂತಿರುವವಳು ಅವಳೇ.