ಬಿಸಿಲಿನ ತಿಂಗಳು, ಜಾತ್ರೆಯ ತಿಂಗಳು

ಏಪ್ರಿಲ್ ಬಂತೆಂದರೆ ಹೊಲದ ಕೆಲಸ ಹಗುರಾಗಿರುತ್ತದೆ. ಮಕ್ಕಳಿಗೆ ರಜೆ, ಉಪ್ಪಿನಕಾಯಿಗೆ ಭರಣಿ ತೊಳೆದು ಒಣಗಿಸುವ ಗಡಿಬಿಡಿ, ಊರೂರಲ್ಲೂ ತೇರು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಈ ಹಾಳೆ ಮೇಲೆ ಬಂದಾಗಲೆಲ್ಲ ನನಗೆ ಒಂದು ಬೆರಗು. ನಮ್ಮ ಸ್ವಾತಂತ್ರ್ಯ ಹೋರಾಟದ ಎಷ್ಟೊಂದು ದಿನಗಳು ಈ ಮೂವತ್ತು ಮನೆಗಳಲ್ಲೇ ಬಂದು ಕೂತಿವೆ! ಕಾಕತಾಳೀಯ ಅನ್ನಿಸಬಹುದು. ಆದರೆ ಹತ್ತಿರದಿಂದ ನೋಡಿದರೆ ಒಂದು ದಿನ ಇನ್ನೊಂದು ದಿನವನ್ನು ಕೈಹಿಡಿದು ಕರೆತಂದದ್ದು ಕಾಣುತ್ತದೆ.

ಮೊದಲು 1919. ರೌಲತ್ ಕಾಯ್ದೆಯ ವಿರುದ್ಧ ಗಾಂಧೀಜಿ ಕರೆಕೊಟ್ಟರು, ಏಪ್ರಿಲ್ 6ರಂದು ದೇಶ ಹರತಾಳ ಮಾಡಿತು. ಸರಿಯಾಗಿ ವಾರ ಕಳೆದು, 13ರಂದು, ಪಂಜಾಬಿನಲ್ಲಿ ಬೈಸಾಖಿ. ಸುಗ್ಗಿಯ ಹಬ್ಬಕ್ಕೆಂದು ಅಮೃತಸರಕ್ಕೆ ಬಂದ ಹಳ್ಳಿಗರೂ ಜಲಿಯನ್‌ವಾಲಾಬಾಗಿನಲ್ಲಿ ಸೇರಿದ್ದರು. ಜನರಲ್ ಡಯರ್‌ನ ಸಿಪಾಯಿಗಳು ಹಾರಿಸಿದ್ದು 1,650 ಗುಂಡು. ಸರ್ಕಾರವೇ ಒಪ್ಪಿಕೊಂಡ ಸಾವಿನ ಲೆಕ್ಕ 379. ಆಮೇಲಿನ ವರ್ಷಗಳಲ್ಲಿ ಏಪ್ರಿಲ್ 6ರಿಂದ 13ರವರೆಗಿನ ದಿನಗಳು ರಾಷ್ಟ್ರೀಯ ಸಪ್ತಾಹವಾದವು.

1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ಹೊರಟದ್ದು ಮಾರ್ಚ್ 12ಕ್ಕೆ. ದಂಡಿ ಮುಟ್ಟಿದ್ದು ಏಪ್ರಿಲ್ 5ಕ್ಕೆ. ಉಪ್ಪು ಎತ್ತಲು ಮಾತ್ರ ಮರುದಿನದ ಬೆಳಗಿಗೆ ಕಾದರು. ಹನ್ನೊಂದು ವರ್ಷದ ಹಿಂದಿನ ಹರತಾಳದ ದಿನವೇ ಅವರಿಗೆ ಮುಹೂರ್ತವಾಯಿತು. ಅವರೊಂದಿಗೆ ನಡೆದವರಲ್ಲಿ ಒಬ್ಬನೇ ಒಬ್ಬ ಕನ್ನಡಿಗನಿದ್ದ. ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವ, ಇನ್ನೂ ಇಪ್ಪತ್ತು ತುಂಬದ ಹುಡುಗ.

ಸಪ್ತಾಹದ ಕೊನೆಯ ದಿನ, ಏಪ್ರಿಲ್ 13ಕ್ಕೆ, ನಮ್ಮ ಅಂಕೋಲೆ ಎದ್ದು ನಿಂತಿತು. ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಸಮುದ್ರದ ದಂಡೆಗೆ ಹೋಗಿ ಉಪ್ಪಿನ ಕಾಯ್ದೆ ಮುರಿದರು. ಆ ಕರಾವಳಿಯಲ್ಲಿ ಬಿಸಿಲಿಗೂ ಉಪ್ಪಿಗೂ ಇರುವ ನಂಟು ನೋಡಬೇಕೆಂದರೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಗೆ ಹೋಗಬೇಕು. ಅಘನಾಶಿನಿಯ ಅಳಿವೆಯ ನೀರನ್ನು ಆಗರಕ್ಕೆ ಬಿಡುತ್ತಾರೆ. ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಸರಿಯುತ್ತ ದಿನದಿಂದ ದಿನಕ್ಕೆ ಮಂದವಾಗುತ್ತದೆ. ಕೊನೆಯ ಪಾತಿಯಲ್ಲಿ ನೀರು ಇಂಗಿ ಹರಳು ಕಟ್ಟುತ್ತದೆ. ಅದನ್ನು ಉದ್ದ ಕೋಲಿನ ಹಲಗೆಯಿಂದ ಬಳಿದು ಗುಡ್ಡೆ ಹಾಕುತ್ತಾರೆ. ಮೊದಲ ಮಳೆ ಬಿದ್ದರೆ ಆ ವರ್ಷದ ಕೆಲಸ ಮುಗಿದಂತೆ. ಶ್ರಾವಣದ ಮಳೆಯಲ್ಲಿ ಉಪ್ಪಿನ ಸತ್ಯಾಗ್ರಹ ಸಾಧ್ಯವೇ ಇರಲಿಲ್ಲ. ಆ ಹೋರಾಟಕ್ಕೆ ಸೂರ್ಯನೂ ಒಬ್ಬ ಸ್ವಯಂಸೇವಕ.

ಬಿಸಿಲಿನ ಹಾಗೆಯೇ ಜಾತ್ರೆಯೂ ಏಪ್ರಿಲ್‌ನ ಇನ್ನೊಂದು ಬಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮೀರಿ ಬಾವುಟ ಏರಿಸಿದರು. ಎರಡು ವಾರಗಳ ಆಚೆ, 25ಕ್ಕೆ, ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಯ ಜನ ತುಂಬಿದ್ದರು. ಬಾವುಟ ಹಾರಿಸಬಾರದು, ಸಭೆ ಕೂಡಬಾರದು ಎಂದು ಅಲ್ಲಿಯೂ ಅಪ್ಪಣೆ. ಜನ ಕೂಡಿದರು, ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ್ದು ಹತ್ತು ಸಾವು, ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಸುದ್ದಿ ತಿಳಿದ ಗಾಂಧೀಜಿ ಸರದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದವಾಗಿ, ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಬಾವುಟಕ್ಕೂ ಜಾಗ ಸಿಕ್ಕಿತು.

ವಿದುರ ನೆಟ್ಟನೆಂದು ಜನ ನಂಬಿದ್ದ ಅಲ್ಲಿಯ ಹಳೆಯ ಅರಳಿಮರ 2001ರಲ್ಲಿ ಉರುಳಿತು. ಸಂತಾನದ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ಸಾವಿರಾರು ನಾಗರಕಲ್ಲುಗಳು ಅರಿಸಿನ ಕುಂಕುಮ ಹೊತ್ತು ಈಗಲೂ ನಿಂತಿವೆ. ಹುಟ್ಟಬೇಕಾದವರಿಗಾಗಿ ನೆಟ್ಟ ಆ ಕಲ್ಲುಗಳಿಂದ ಸ್ವಲ್ಪ ದೂರದಲ್ಲೇ ಮಡಿದವರ ಸ್ಮಾರಕವಿದೆ. ದೇವರಿಗೆ ಕೈಮುಗಿದು ಬಂದವರು ಅಲ್ಲಿಯೂ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಮನಸ್ಸು ಬೇಡುತ್ತದೆ.

ಇನ್ನು ಏಪ್ರಿಲ್ ಒಂದು. ಲೋಕಕ್ಕೆಲ್ಲ ಅದು ಮೂರ್ಖರ ದಿನ. 1943ರ ಆ ದಿನ ದಂಡಿಯ ಅದೇ ಹುಡುಗ, ಈಗ ಮೂವತ್ತು ದಾಟಿದ ಮೈಲಾರ ಮಹಾದೇವ, ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಹೋದರು.

ಜನ ಬಿಡುವಾಗಿರುವಾಗ, ಒಂದೆಡೆ ಸೇರಿರುವಾಗ, ಹಿಂದಿನದನ್ನು ನೆನೆಯುವಾಗ ಚರಿತ್ರೆ ನಡೆಯುತ್ತದೆ ಎಂದು ಈ ತಿಂಗಳು ನನಗೆ ಕಲಿಸಿದೆ. ನೆನೆಯುವುದು ನಿಂತರೆ ಮುಂದಿನ ದಿನವನ್ನು ಕರೆತರುವ ಕೈಯೇ ಇರುವುದಿಲ್ಲ. ನವೆಂಬರ್ ಪೂರ್ತಿ ಬಾವುಟ ಕಟ್ಟುವ ನಾವು ಏಪ್ರಿಲ್‌ಗೂ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರರ ಹೆಸರಿದೆ. ಬೇಸಿಗೆ ರಜೆಗೆ ಮಕ್ಕಳೊಂದಿಗೆ ಅಲ್ಲಿ ಇಳಿಯುವ ಅಪ್ಪ ಅಮ್ಮಂದಿರೇ, ಆ ಹೆಸರು ಯಾರದೆಂದು ಅವರಿಗೆ ಹೇಳಿ ಮುಂದೆ ಹೆಜ್ಜೆ ಇಡಿ.