ಪಾಠಾಂತರ

ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನ ಕೈತಪ್ಪು ಮುಂದಿನ ಪ್ರತಿಗೂ ಇಳಿದು, ಕಾಲಕ್ರಮದಲ್ಲಿ ಸೀಮೆಗೊಂದು ಪಾಠವಾಗುವುದೆಂದು ಗ್ರಂಥಸಂಪಾದನೆಯ ತರಗತಿಯಲ್ಲಿ ಓದಿದ್ದೇವಷ್ಟೆ. ಎಚ್.ಐ.ವಿ. ವೈರಾಣುವಿನ ಕಥೆಯೂ ಇಂಥದೇ ಎಂದು ತಿಳಿದಾಗ ನನಗೆ ಸೋಜಿಗವಾಯಿತು. ಅದರ ಪ್ರತಿ ತೆಗೆಯುವ ಕಿಣ್ವಕ್ಕೆ ಬರೆದುದನ್ನು ಓದಿ ತಿದ್ದುವ ಗುಣವಿಲ್ಲ. ಹೀಗೆ ಕವಲೊಡೆದ ಉಪವರ್ಗಗಳಲ್ಲಿ ಒಂದೊಂದು ಒಂದೊಂದು ನಾಡಿನಲ್ಲಿ ಹಬ್ಬಿತು: ಅಮೆರಿಕದಲ್ಲಿ ‘ಬಿ’ ಹೆಚ್ಚು, ಭಾರತದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ‘ಸಿ’ ಹೆಚ್ಚು.

ಪಾಠ ಯಾವುದಾದರೇನು, ಮದ್ದು ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತಿದ್ದರೆ ವೈರಾಣುವಿನ ಬರವಣಿಗೆ ಅಡಗಿರುತ್ತದೆ. ಪದೇ ಪದೇ ತಪ್ಪಿತೋ, ಪುನಃ ಆರಂಭ. ಮದ್ದಿಗೆ ಜಗ್ಗದ ಪ್ರತಿಯೊಂದು ಉಳಿದು ಬೆಳೆಯುವುದು. ಲ್ಯಾಮಿವುಡಿನ್ ಎಂಬ ಔಷಧವನ್ನು ಮೀರಲು ಆ ಕಿಣ್ವದ 184ನೆಯ ಸ್ಥಾನದಲ್ಲಿ ಒಂದೇ ಬದಲಾವಣೆ ಸಾಕು. 1996ರ ಸುಮಾರಿಗೆ ಮೂರು ಮದ್ದುಗಳನ್ನು ಕೂಡಿಸಿ ಕೊಡುವ ಪದ್ಧತಿ ಬಂದುದು ಇದಕ್ಕಾಗಿಯೇ; ಮೂರನ್ನೂ ಒಮ್ಮೆಗೇ ಮೀರುವ ಪ್ರತಿ ಹುಟ್ಟುವುದು ದುರ್ಲಭ. ನಮ್ಮಲ್ಲಿ ಸರ್ಕಾರವು 2004ರಿಂದ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ.

ಆದರೂ ಮಾತ್ರೆ ತಪ್ಪುವುದೇಕೆ? ನನಗೆ ಬೇಕಾದವರೊಬ್ಬರಿದ್ದಾರೆ, ಹೆಸರು ಹೇಳಲಾರೆ. ಮನೆಯಲ್ಲಿದ್ದರೆ ಒಂದು ದಿನವೂ ತಪ್ಪಿಸುವವರಲ್ಲ. ನೆಂಟರ ಮದುವೆಗೆ ಹೋದಾಗ ಮಾತ್ರ ಡಬ್ಬಿ ಚೀಲದಿಂದ ಹೊರಗೆ ಬರದು. “ಅದೇನು ಮಾತ್ರೆ?” ಎಂದು ಯಾರಾದರೂ ಕೇಳಿಯಾರೆಂಬ ಅಂಜಿಕೆ. ಅದೇ ಪಂಕ್ತಿಯಲ್ಲಿ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಲೆಯ ಮುಂದೆಯೇ ನುಂಗಿ, ಹೋಳಿಗೆಗೆ ಕೈಹಾಕುವರು, ಯಾರೂ ಹುಬ್ಬೇರಿಸುವುದಿಲ್ಲ. ಎರಡು ಮಾತ್ರೆಗಳಿಗೂ ಒಂದೇ ಮರ್ಯಾದೆ ದೊರೆತ ದಿನ, ಹೊಸ ಪಾಠ ಬರೆಯಲು ವೈರಾಣುವಿಗೆ ಸಿಗುವ ಬಿಡುವು ಬಹಳ ಕಡಿಮೆಯಾದೀತು.